ಬೂದು ಪರದೆಯ ಹಿಂದಿನ ಕೈ

ಕಂಟ್ರೋಲ್ ರೂಮಿನಲ್ಲಿ ನನಗೆ ತುಂಬ ಹಿಡಿಸುವುದು ಆಪರೇಟರ್‌ನ ಪರದೆಗೆ ಹೊಸ ಗ್ರಾಫಿಕ್ಸ್ ಬರುವ ಗಳಿಗೆ. ಬಾಯ್ಲರ್ ಉರಿಯುತ್ತಲೇ ಇರುತ್ತದೆ, ಪಂಪುಗಳು ತಿರುಗುತ್ತಲೇ ಇರುತ್ತವೆ. ಅವುಗಳ ಚಿತ್ರವನ್ನಷ್ಟೇ ಬದಲಾಯಿಸಬೇಕು.

ಎಂಜಿನಿಯರ್ ಮೊದಲು ತನ್ನ ಸ್ಟೇಷನ್ನಿನಲ್ಲಿ ಚಿತ್ರ ತಿದ್ದಿ, ಒಂದೊಂದೇ ಟ್ಯಾಗ್, ಅಂದರೆ ಆಯಾ ಉಪಕರಣದ ಗುರುತು, ಪರೀಕ್ಷಿಸುತ್ತಾನೆ. ಒಂದು ವಾಲ್ವಿನ ಚಿತ್ರಕ್ಕೆ ಪಕ್ಕದ ವಾಲ್ವಿನ ಟ್ಯಾಗ್ ಸೇರಿಕೊಂಡರೆ ಆಪರೇಟರ್ ಒತ್ತುವುದೊಂದು, ತೆರೆಯುವುದು ಇನ್ನೊಂದು. ಆಮೇಲೂ ಎಲ್ಲ ಪರದೆಗಳಿಗೆ ಒಟ್ಟಿಗೆ ಕಳಿಸುವುದಿಲ್ಲ. ಮೊದಲು ಒಂದೇ ಸ್ಟೇಷನ್. ಪಕ್ಕದ್ದರಲ್ಲಿ ಹಳೆಯ ಚಿತ್ರ ಹಾಗೇ ಇರುತ್ತದೆ. “ಬಾಯ್ಲರ್ ಡ್ರಮ್ ಲೆವೆಲ್ ಎರಡರಲ್ಲೂ ಒಂದೇ ಇದೆಯಾ ನೋಡಿ ಸರ್” ಎಂದು ಕೇಳಿ, ಆಪರೇಟರ್ ಹೂಂ ಎಂದ ಮೇಲೆಯೇ ಎರಡನೆಯದು. ಈ ತಾಳ್ಮೆಯೇ ನಿಜವಾದ ಕಸುಬು.

1975ರಲ್ಲಿ ಹನಿವೆಲ್‌ನ ಟಿಡಿಸಿ 2000, ಯೊಕೊಗಾವದ ಸೆಂಟಮ್ ಎಂಬ ನಿಯಂತ್ರಣ ವ್ಯವಸ್ಥೆಗಳು ಬಂದಾಗಿನಿಂದ ಗೋಡೆಯುದ್ದದ ಮೀಟರುಗಳು ಮೆಲ್ಲಗೆ ಪರದೆಯೊಳಗೆ ಸೇರಿದವು. ಈಗಿನ ಒಳ್ಳೆಯ ಪರದೆಗೆ ತಿಳಿ ಬೂದು ಹಿನ್ನೆಲೆ; ಗಾಢ ಕೆಂಪು, ಹಳದಿ ಅಲಾರಮ್ಮಿಗೇ ಮೀಸಲು. ಕಣ್ಣಿಗೆ ಸಪ್ಪೆ, ಆದರೆ ರಾತ್ರಿ ಪಾಳಿಯವರಿಗೆ ಅದೇ ಹಿತ.

ಪರದೆ ಕಪ್ಪಾದರೂ ಯಂತ್ರಗಳನ್ನು ನಿಯಂತ್ರಿಸುವ ಕಂಟ್ರೋಲರ್ ಕೆಲಸ ಬಿಡುವುದಿಲ್ಲ, ಕಾಣದಂತಾಗುವುದು ಆಪರೇಟರಿಗೆ. ಹಾಗಾಗಿ ಹಳೆಯ ಚಿತ್ರಗಳ ಬ್ಯಾಕಪ್ ಇಟ್ಟುಕೊಳ್ಳದೆ ದಯವಿಟ್ಟು ಯಾರೂ ಈ ಕೆಲಸಕ್ಕೆ ಕೈಹಾಕಬೇಡಿ.