ಗುಂಡಿ ತೆಗೆದವರ ಕಾಡು

ಜೋಗೇಶ್ವರಿಯಲ್ಲಿ ಓಶಿವಾರಾ ನದಿಯನ್ನು ನದಿ ಎನ್ನುವವರು ಕಡಿಮೆ. ಎಲ್ಲರ ಬಾಯಲ್ಲೂ ಅದು ನಾಲಾ. ಗೋದಾಮು, ಗ್ಯಾರೇಜು, ಝೋಪಡಿಗಳ ಬೆನ್ನಿಗೆ ಕಪ್ಪಗೆ ಹರಿದು ಮಲಾಡ್ ಖಾಡಿಗೆ ಸೇರುವ ಆ ನೀರು ಹುಟ್ಟುವುದು ಆರೇ ಕಾಲೊನಿಯ ಗುಡ್ಡಗಳಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತು. ಮೇಲಿನ ಗುಡ್ಡದಲ್ಲಿ ಮರ ನಿಂತಿದ್ದರೆ ಕೆಳಗಿನ ಚಾಳಿನವರಿಗೆ ಏನು ಲಾಭ ಎಂಬುದನ್ನು ಅಂದು ಕಲಿತವರಲ್ಲಿ ನಾನೂ ಒಬ್ಬ. ಆಮೇಲೆ ಎಷ್ಟೋ ವರ್ಷ ಆ ಮರಗಳ ಬಗ್ಗೆಯೇ ಮಾತಾಡಿದೆವು, ಸಹಿ ಹಾಕಿದೆವು, ಮೆರವಣಿಗೆ ಹೋದೆವು. ಮರಗಳ ನಡುವೆ ಕುಡುಗೋಲು, ಗುದ್ದಲಿ ಹಿಡಿದು ಕೆಲಸ ಮಾಡುವವರನ್ನು ಮಾತ್ರ ಸರಿಯಾಗಿ ಕಣ್ಣೆತ್ತಿ ನೋಡಿರಲಿಲ್ಲ. ಸರ್ಕಾರ ಅವರಿಂದ ಕಾಡಿನ ಕೆಲಸ ಮಾಡಿಸುವ ಪದ್ಧತಿಯನ್ನು ಒಂದು ಕೃತಿಯನ್ನು ಓದುವ ಹಾಗೆ ಓದಿ ಬೆಲೆ ಕಟ್ಟಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯ ಉತ್ತರಕ್ಕೆ ಆರೇ. ಆರೇಗೆ ತಾಗಿ 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. 1860ರಲ್ಲಿ ವಿಹಾರ ಕೆರೆ, 1879ರಲ್ಲಿ ತುಳಸಿ ಕೆರೆ ಕಟ್ಟಿದಾಗ ನೀರಿನ ಆಸರೆಗೆಂದು ಉಳಿಸಿದ ಬೆಟ್ಟಗಳೇ ಇವತ್ತು ನಗರದ ನಡುವಿನ ಕಾಡು. ಇಲ್ಲಿ ಕೂಲಿಯ ಮೇಲೆ ದುಡಿಯುವವರನ್ನು ಮರಾಠಿಯಲ್ಲಿ ವನಮಜೂರ್ ಎನ್ನುತ್ತಾರೆ. ನಮ್ಮ ಶಿರಸಿ, ಯಲ್ಲಾಪುರದ ಕಡೆ ಇವರೇ ವಾಚರ್, ದಿನಗೂಲಿ. ಇಲ್ಲಿಯ ಜಾಳರೇಷಾ ಅಲ್ಲಿಯ ಬೆಂಕಿ ರೇಖೆ. ಭಾಷೆ ಬೇರೆ, ಹಾಜರಿ ಪುಸ್ತಕ ಒಂದೇ ನಮೂನೆಯದು.

ಈ ಕೆಲಸದ ವರ್ಷ ಶುರುವಾಗುವುದು ಬೇಸಿಗೆಯಲ್ಲಿ. ಏಪ್ರಿಲ್–ಮೇ ಬಿಸಿಲಲ್ಲಿ ಗುಂಡಿ ತೆಗೆಯಬೇಕು. ಮೇಲಿನ ಕಪ್ಪು ಮಣ್ಣನ್ನು ಒಂದು ಕಡೆ, ಅಡಿಯ ಗೊಚ್ಚು ಮಣ್ಣನ್ನು ಇನ್ನೊಂದು ಕಡೆ ಹಾಕಿ, ಗುಂಡಿಯನ್ನು ಕೆಲವು ವಾರ ಬಿಸಿಲಿಗೆ ಬಿಡಬೇಕು. ಮೊದಲ ಒಳ್ಳೆಯ ಮಳೆ ಬಿದ್ದು ನೆಲ ಒಳಗಿನವರೆಗೆ ತೊಯ್ದ ಮೇಲೆ ನೆಡುವುದು. ಅವಸರ ಮಾಡಿದರೆ ನಡುವಿನ ಹೊಳವಿಗೆ ಸಸಿ ಒಣಗುತ್ತದೆ, ತಡ ಮಾಡಿದರೆ ಬೇರು ಹಿಡಿಯುವ ಮೊದಲೇ ಮಳೆ ನಿಲ್ಲುತ್ತದೆ. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ತೆಗೆಯಬೇಕು. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಅದನ್ನು ಕತ್ತರಿಸಲೇಬೇಕು. ಕತ್ತರಿಸದೆ ನೆಟ್ಟ ಸಸಿ ಮೂರ್ನಾಲ್ಕು ವರ್ಷ ಹಸಿರಾಗಿಯೇ ಇದ್ದು, ಆಮೇಲೆ ತನ್ನ ಬೇರಿನಿಂದಲೇ ತಾನು ಬಿಗಿದುಕೊಂಡು ಸೊರಗುತ್ತದೆ, ಗಾಳಿಗೆ ಉರುಳುತ್ತದೆ. ಅಷ್ಟು ಹೊತ್ತಿಗೆ ಅದನ್ನು ಯಾರು ನೆಟ್ಟರು ಎಂಬ ದಾಖಲೆ ಇರುವುದಿಲ್ಲ. ಮಳೆಗಾಲದಲ್ಲಿ ಕಳೆ ತೆಗೆಯುವುದು, ಬುಡಕ್ಕೆ ಮಣ್ಣು ಏರಿಸುವುದು, ಸತ್ತ ಸಸಿಯ ಜಾಗಕ್ಕೆ ಬದಲಿ ನೆಡುವುದು. ಚಳಿ ಮುಗಿಯುವುದರೊಳಗೆ ಬೆಂಕಿ ರೇಖೆ ಕಡಿದು, ಒಣಗಿದ ಹುಲ್ಲನ್ನು ಗಾಳಿಯಿಲ್ಲದ ಹೊತ್ತಿನಲ್ಲಿ ತಾವೇ ಸುಟ್ಟು ಮುಗಿಸುವುದು. ಅಲ್ಲಿಂದ ಮಳೆ ಬರುವವರೆಗೆ ಹೊಗೆ ಎಲ್ಲಿ ಏಳುತ್ತದೆಂದು ಕಾಯುವುದು.

ಇದರಲ್ಲಿ ಕೈಚಳಕ ಬೇಡದ ಕೆಲಸ ಯಾವುದು? ಮಣ್ಣಿನ ತೇವವನ್ನು ಬೆರಳಿನಲ್ಲಿ ಅಳೆಯುವುದೂ ಗಾಳಿಯ ದಿಕ್ಕು ನೋಡಿ ಬೆಂಕಿ ಹಚ್ಚುವುದೂ ವರ್ಷಗಳ ರೂಢಿಯಿಂದ ಬರುವ ವಿದ್ಯೆ. ಆದರೆ 2005ರ ಉದ್ಯೋಗ ಖಾತರಿ ಕಾಯ್ದೆ ಗಿಡ ನೆಡುವುದನ್ನು ಅಕುಶಲ ದೈಹಿಕ ಕೆಲಸದ ಪಟ್ಟಿಯಲ್ಲಿ ಇಟ್ಟಿತು. ಈ ಒಂದು ವಿಶೇಷಣದ ಬಗ್ಗೆ ನನಗೆ ಸಿಟ್ಟಿದೆ. ಒಂದು ಕೆಲಸವನ್ನು ಅಕುಶಲ ಎಂದು ಕರೆದ ಮೇಲೆ ಅದನ್ನು ಯಾರಿಂದಲಾದರೂ, ಯಾವಾಗಲಾದರೂ ಮಾಡಿಸಬಹುದು ಎಂಬ ಭಾವನೆ ತಾನಾಗಿ ಬರುತ್ತದೆ. ಈ ವರ್ಷದವನನ್ನು ಮುಂದಿನ ವರ್ಷ ಕರೆಯದಿದ್ದರೂ ಏನೂ ಕೆಟ್ಟಂತೆ ಕಾಣುವುದಿಲ್ಲ.

ಈ ಭಾವನೆ ಎಲ್ಲಿಂದ ಬಂತು ಎಂದು ಹುಡುಕಿದರೆ ದಾರಿ ನಮ್ಮ ಊರಿಗೇ ಹೋಗುತ್ತದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರವರೆಗೆ ಅಲ್ಲಿಯ ತೇಗ, ಮತ್ತಿ, ಬೀಟೆಯ ಲೆಕ್ಕ ಮುಂಬಯಿ ಸರ್ಕಾರದ್ದು. ಆ ಕಾಡಿನ ದುಡಿಮೆಯ ಘಟಕ ಕೂಪು. ಗಡಿ ಗುರುತು ಮಾಡಿ, ಮರಕ್ಕೆ ನಂಬರು ಹೊಡೆದು, ಮುದ್ರೆ ಒತ್ತಿ, ಒಂದು ಹಂಗಾಮಿನಲ್ಲಿ ಕಡಿದು, ನಾಟಾವನ್ನು ಡಿಪೋಕ್ಕೆ ಎಳೆದು, ಹರಾಜು ಹಾಕಿ ಮುಗಿಸುವುದು. ಕೂಪು ಮುಗಿದರೆ ಕೂಲಿಯೂ ಮುಗಿಯಿತು. ಮುಂದಿನ ವರ್ಷ ಬೇರೆ ಕೂಪು, ಬೇರೆ ಆಳು. ಕಡಿಯುವ ಕೆಲಸಕ್ಕೆ ಈ ಏರ್ಪಾಡು ಹೊಂದುತ್ತದೆ, ಯಾಕೆಂದರೆ ಕಡಿದ ಜಾಗಕ್ಕೆ ಕಡಿದವನು ಮತ್ತೆ ಬರಬೇಕಾಗಿಲ್ಲ. ಬೆಳೆಸುವವನು ಮಾತ್ರ ಅದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು.

1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಊರವರು ಕಡಿಯಲು ಬಿಡದೆ ಮರ ಅಪ್ಪಿ ನಿಂತರು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಪಡೆದ ಕಾರ್ಯಯೋಜನೆ ಇಲ್ಲದೆ ಯಾವ ಕಾಡಿನಲ್ಲೂ ಮರ ಕಡಿಯಕೂಡದು ಎಂದಿತು. ಕಡಿಯುವುದು ಕಡಿಮೆಯಾಯಿತು, ಅರಣ್ಯ ಇಲಾಖೆಯ ಮಾತಿನಲ್ಲಿ ನಾಟಾ ಹಿಂದೆ ಸರಿದು ರಕ್ಷಣೆ ಮುಂದೆ ಬಂತು. ಕೂಲಿಯ ಪದ್ಧತಿಯೊಂದು ಮಾತ್ರ ಕೂಪಿನ ಕಾಲದಲ್ಲೇ ನಿಂತಿತು. ನಾಟಾಕ್ಕಾಗಿ ಒಂದು ಮರವನ್ನೂ ಕಡಿಯದ ಬೊರಿವಲಿಯ ಈ ಸಂಜಯ ಗಾಂಧಿ ಉದ್ಯಾನದಲ್ಲಿ ಕೂಡ ಆಳನ್ನು ಹಂಗಾಮಿಗೆ ಕರೆದು ಹಂಗಾಮಿಗೆ ಬಿಡುವ ರೂಢಿ ಇರುವುದು ಹೀಗೆ. ಈ ಪದ್ಧತಿಯ ಮೂಲ ದೋಷ ಇದು ಎಂದು ನನ್ನ ತೀರ್ಮಾನ: ಕಡಿಯುವುದಕ್ಕೆ ಹೊಲಿದ ಅಂಗಿಯನ್ನು ಬೆಳೆಸುವುದಕ್ಕೆ ತೊಡಿಸಿದ್ದೇವೆ.

ಆ ಅಂಗಿ ಎಲ್ಲಿ ಹರಿಯುತ್ತದೆ ಎಂಬುದಕ್ಕೆ ಉತ್ತರ ಕನ್ನಡದ ಬಿದಿರಿನ ಪ್ರಸಂಗಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಸಾಗತೊಡಗಿದ ಮೇಲೆ ಕೆಲವೇ ವರ್ಷಗಳಲ್ಲಿ ಮೆಳೆಗಳು ಬರಿದಾಗತೊಡಗಿದವು. 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಸಂಗಡಿಗರೊಂದಿಗೆ ಅದರ ಅಧ್ಯಯನಕ್ಕೆ ಬಂದರು. ಬಿದಿರು ಚೆನ್ನಾಗಿ ಬೆಳೆಯಲೆಂದು ಮೆಳೆಯ ಬುಡದ ಮುಳ್ಳುಪೊದೆಯನ್ನು ಸವರಿ ಚೊಕ್ಕಟ ಮಾಡಬೇಕು ಎಂಬುದು ಅಂದಿನ ಶಾಸ್ತ್ರೀಯ ನಿಯಮ. ಊರಿನವರು ಹೇಳಿದ್ದು ಅದಕ್ಕೆ ವಿರುದ್ಧ: ಆ ಮುಳ್ಳೇ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನ, ಕಾಡುಪ್ರಾಣಿ ಎಳೆಯ ಕಳಲೆಯನ್ನು ತಿಂದು ಮುಗಿಸುತ್ತವೆ. ಅಧ್ಯಯನ ಊರಿನವರ ಮಾತನ್ನೇ ಎತ್ತಿಹಿಡಿಯಿತು. ನಿಯಮ ಬರೆದವರು ದಡ್ಡರೆಂದು ನಾನು ಹೇಳುತ್ತಿಲ್ಲ. ಒಂದೇ ಮೆಳೆಯನ್ನು ಹತ್ತು ಮಳೆಗಾಲ ಕಂಡವನು ಯಾರೋ ಅವನ ಮಾತು ಮೇಲಕ್ಕೆ ಹೋಗುವ ದಾರಿಯೇ ಆ ಪದ್ಧತಿಯಲ್ಲಿ ಇರಲಿಲ್ಲ. ಹಂಗಾಮಿನ ಕೂಲಿಯವನ ಅಭಿಪ್ರಾಯ ಬರೆದುಕೊಳ್ಳಲು ಹಾಜರಿ ಪುಸ್ತಕದಲ್ಲಿ ಅಂಕಣವಿಲ್ಲ.

ಬೆಳೆಸುವ ಕೆಲಸಕ್ಕೆ ಹಂಗಾಮಿನ ಕೂಲಿ ಹೊಂದುವುದಿಲ್ಲ ಎಂಬುದನ್ನು ಕೋರ್ಟು ಗಮನಿಸಿದ್ದುಂಟು. ಪುಣೆಯ ಪಾಂಚಗಾವ್ ಪರ್ವತಿ ಗುಡ್ಡದಲ್ಲಿ ಅರಣ್ಯ ಇಲಾಖೆಗಾಗಿ ವರ್ಷಗಟ್ಟಲೆ ಗಿಡ ನೆಟ್ಟ ಕೂಲಿಗಳು ತಮ್ಮನ್ನು ಕಾಯಂ ಮಾಡಬೇಕೆಂದು ಹೋರಾಡಿದರು. ಇದು ಸರ್ಕಾರದ ಸಾರ್ವಭೌಮ ಕರ್ತವ್ಯ, ಉದ್ಯಮವಲ್ಲ, ಯೋಜನೆಯೂ ತಾತ್ಕಾಲಿಕ ಎಂದು ಇಲಾಖೆ ವಾದಿಸಿತು. ಜಗನ್ನಾಥ ಮಾರುತಿ ಕೋಂಢರೆ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1995ರ ಡಿಸೆಂಬರಿನಲ್ಲಿ ಕೂಲಿಗಳ ಪರ ತೀರ್ಪು ಕೊಟ್ಟಿತು. ಆ ಕೆಲಸ ಸ್ವಭಾವದಿಂದಲೇ ಕಾಯಂ, ಅದನ್ನು ಮಾಡುವವರನ್ನು ವರ್ಷಾನುಗಟ್ಟಲೆ ಹಂಗಾಮಿಯಾಗಿ ಇಟ್ಟುಕೊಳ್ಳುವುದು ಮಹಾರಾಷ್ಟ್ರದ 1971ರ ಕಾಯ್ದೆಯ ಪ್ರಕಾರ ಅನುಚಿತ ಕಾರ್ಮಿಕ ಪದ್ಧತಿ ಎಂಬುದು ಅದರ ಸಾರ. ಕಾಡಿನ ಕೆಲಸ ಎಂದರೇನು ಎಂಬುದನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡ ಸರ್ಕಾರಿ ಕಾಗದ ನಮ್ಮಲ್ಲಿ ವಿರಳ. ಹತ್ತು ವರ್ಷದ ನಂತರ, 2006ರ ಏಪ್ರಿಲ್‌ನಲ್ಲಿ, ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ ಸಂವಿಧಾನ ಪೀಠ ಎಷ್ಟು ವರ್ಷ ದುಡಿದರೂ ದಿನಗೂಲಿಗೆ ಕಾಯಮಾತಿ ಹಕ್ಕಾಗುವುದಿಲ್ಲ ಎಂದಿತು. ಕರ್ನಾಟಕ 2012ರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆಯಲ್ಲಿ ನಡುದಾರಿ ಹಿಡಿಯಿತು: ಕಾಯಮಾತಿ ಇಲ್ಲ, ಅರವತ್ತರವರೆಗೆ ಕೆಲಸ ಉಂಟು. ಹಿಂಬಾಗಿಲಿನ ನೇಮಕಾತಿ ತಡೆಯಬೇಕೆಂಬ ಕಾಳಜಿ ನ್ಯಾಯವಾದದ್ದೇ. ಆದರೆ ಬೆಟ್ಟಕ್ಕೆ ಮುಂಬಾಗಿಲು, ಹಿಂಬಾಗಿಲು ಎಂದಿಲ್ಲ. ಯಾವ ಕಿಬ್ಬಿಯಲ್ಲಿ ಬೆಂಕಿ ಹೇಗೆ ಏರುತ್ತದೆಂದು ಗೊತ್ತಿದ್ದವನು ಅಲ್ಲಿ ಇದ್ದಾನೋ ಇಲ್ಲವೋ ಎಂಬುದಷ್ಟೇ ಬೆಟ್ಟಕ್ಕೆ ಮುಖ್ಯ. ಕಾಡಿನ ಬೆಂಕಿ ಆಟದ ಮಾತಲ್ಲ: 2017ರ ಫೆಬ್ರವರಿಯಲ್ಲಿ ಬಂಡೀಪುರದ ಬೆಂಕಿ ಒಬ್ಬ ಅರಣ್ಯ ರಕ್ಷಕನ ಪ್ರಾಣ ತೆಗೆದುಕೊಂಡಿತು.

ಮಹಾರಾಷ್ಟ್ರದ ದೊಡ್ಡ ನಾಟಿಗಳನ್ನು ಈ ಬೆಳಕಿನಲ್ಲಿ ನೋಡಬೇಕು. 2016ರಲ್ಲಿ 2 ಕೋಟಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿಗಳ ಗುರಿ. ಜನರನ್ನು ಕಾಡಿನ ಕಡೆ ತಿರುಗಿಸಿದ್ದು ಅದರ ಹೆಚ್ಚುಗಾರಿಕೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಶಾಲೆಯ ಮಕ್ಕಳು ಒಂದು ದಿನವಾದರೂ ಮಣ್ಣು ಮುಟ್ಟಿದರು. ಆದರೆ ಗುರಿಯ ಅಂಕಿ ವರ್ಷ ವರ್ಷ ಏರಿದ ಹಾಗೆ ಮೇ ತಿಂಗಳಲ್ಲಿ ಗುಂಡಿ ತೆಗೆಯುವ ಕೈಗಳು ಏರಬೇಕಲ್ಲ? ಅವುಗಳ ಲೆಕ್ಕ ಯಾವ ಫಲಕದಲ್ಲೂ ಬರಲಿಲ್ಲ. 2021ರಲ್ಲಿ ಈ ನಾಟಿಯ ತನಿಖೆಗೆ ಶಾಸಕರ ಸಮಿತಿ ರಚನೆಯಾದಾಗ ಕೂಡ ಚರ್ಚೆ ಸುತ್ತಿದ್ದು ಸಸಿ ಮತ್ತು ಹಣದ ಸುತ್ತ. ನಗರದ ಮರಗಳ ಕಾಯ್ದೆಗೆ ಅದೇ ವರ್ಷ ತಿದ್ದುಪಡಿ ಬಂದು, ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು ಎಂದಾಯಿತು. ಐವತ್ತು ವರ್ಷದ ಮಳೆಮರಕ್ಕೆ ಐವತ್ತು ಸಸಿ. ಐವತ್ತು ಸಸಿಗೆ ಎಷ್ಟು ಆಳು, ಎಷ್ಟು ಬೇಸಿಗೆ ಎಂದೂ ಅದರ ಪಕ್ಕದಲ್ಲೇ ಬರೆದಿದ್ದರೆ ಆ ನಿಯಮವನ್ನು ಮನಸಾರೆ ಹೊಗಳುತ್ತಿದ್ದೆ.

ನಮ್ಮ ಹಿತ್ತಿಲಲ್ಲೇ ನಡೆದದ್ದು ಎಲ್ಲರಿಗೂ ನೆನಪಿದೆ. 2019ರ ಅಕ್ಟೋಬರ್ 4ರಂದು ಹೈಕೋರ್ಟು ಮರ ಕಡಿಯುವುದರ ವಿರುದ್ಧದ ಅರ್ಜಿಗಳನ್ನು ತಳ್ಳಿಹಾಕಿತು, ಅದೇ ರಾತ್ರಿ ಆರೇಯಲ್ಲಿ ಗರಗಸಗಳು ಶುರುವಾದವು. 7ರಂದು ಸುಪ್ರೀಂ ಕೋರ್ಟು ತಡೆಯುವಷ್ಟರಲ್ಲಿ ಮೆಟ್ರೋ ಕಾರ್‌ಶೆಡ್ಡಿನ ಜಾಗದಲ್ಲಿ 2,141 ಮರ ಬಿದ್ದಿದ್ದವು. ಅವುಗಳ ಬದಲಿಗೆ ಸಾವಿರಾರು ಸಸಿಗಳನ್ನು ಉದ್ಯಾನದಲ್ಲಿ ನೆಟ್ಟಿದ್ದೇವೆ ಎಂದು ಮೆಟ್ರೋದವರಿಂದ ಉತ್ತರ ಬಂತು. ಕಡಿಯಲು ಎರಡು ರಾತ್ರಿ ಸಾಕಾಯಿತು. ನೆಟ್ಟದ್ದು ನೆರಳಾಗಲು ಬೇಕಾದ ಮೂವತ್ತು ವರ್ಷ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಬೀದಿಯಲ್ಲಿದ್ದ ನಾವೂ ಅಂದು ಕೇಳಲಿಲ್ಲ. 2021ರಲ್ಲಿ ಆರೇಯ 812 ಎಕರೆ ಉದ್ಯಾನದ ಕೈಗೆ ಬಂದಾಗ ಸಂಭ್ರಮಪಟ್ಟೆವು. ಸುಬಾಬುಲ್, ಲಂಟಾನ ಹಬ್ಬಿದ ಆ ನೆಲವನ್ನು ಕಾಡಾಗಿ ತಿರುಗಿಸುವುದು ವರ್ಷಗಳ ಕುಡುಗೋಲಿನ ಕೆಲಸ. ಗೆಜೆಟ್ಟಿನ ಸಾಲು ಅದನ್ನು ಮಾಡಿಕೊಡುವುದಿಲ್ಲ.

ಮೆಚ್ಚಬೇಕಾದದ್ದನ್ನು ಮೆಚ್ಚದಿದ್ದರೆ ವಿಮರ್ಶೆ ಸುಳ್ಳಾಗುತ್ತದೆ. ಕೋಟಿ ಜನರ ನಗರದೊಳಗೆ ಈ ಕಾಡು ಉಳಿದದ್ದೇ ಒಂದು ಸಾಧನೆ. ಚಿರತೆಗಳು 2015ರ ಎಣಿಕೆಯಲ್ಲಿ 35, 2018ರಲ್ಲಿ 47. ಅವುಗಳ ಜೊತೆ ಬಾಳುವುದನ್ನು ಜನರಿಗೆ ಹೇಳಿಕೊಡಲು 2011ರಲ್ಲಿ ಉದ್ಯಾನದವರು ನಗರದ ಆಸಕ್ತರನ್ನು ಕೂಡಿಕೊಂಡು ಶುರುಮಾಡಿದ ಪ್ರಯತ್ನ ದೇಶಕ್ಕೇ ಮಾದರಿ. ಆದರೆ ಅಲ್ಲಿಯೂ ಒಂದು ಗಂಟು ಬಿಚ್ಚಿಲ್ಲ. ಉದ್ಯಾನ ಮತ್ತು ಆರೇಯ ಪಾಡಾ ಎನ್ನುವ ಹಾಡಿಗಳಲ್ಲಿ ವಾರ್ಲಿ, ಕೋಕಣಾ, ಮಲ್ಹಾರ ಕೋಳಿ ಮನೆತನಗಳಿವೆ. ಹುಲಿದೇವರು ವಾಘೋಬಾನಿಗೆ ಕೈಮುಗಿದು ಚಿರತೆಯ ಪಕ್ಕದಲ್ಲಿ ತಲೆಮಾರುಗಳಿಂದ ಬದುಕಿದವರು. 1997ರ ಹೈಕೋರ್ಟಿನ ಆದೇಶದ ನಂತರ ಒತ್ತುವರಿ ತೆರವಿನ ಭಯ ಇವರ ಮನೆಗಳ ಮೇಲೂ ತೂಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದರೂ ಆ ಭಯ ಪೂರ್ತಿ ಹೋಗಿಲ್ಲ. ಕಾಡಿನ ಕೆಲಸಕ್ಕೆ ಇವರಿಗಿಂತ ಹತ್ತಿರದವರು, ತಿಳಿದವರು ಇಲ್ಲ. ಒಂದು ಕೈಯಲ್ಲಿ ಕೂಲಿ, ಇನ್ನೊಂದು ಕೈಯಲ್ಲಿ ನೋಟೀಸು ಪಡೆಯುವವನಿಂದ ಆ ತಿಳಿವಳಿಕೆ ಎಷ್ಟು ದಿನ ಹರಿದೀತು?

ಈ ಬೆಟ್ಟಗಳಲ್ಲಿ ಕಾರ್ವಿ ಇದೆ, ನೀಲಗಿರಿಯ ಕುರಿಂಜಿಯ ಬಳಗದ್ದು. ಎಂಟು ವರ್ಷಕ್ಕೊಮ್ಮೆ ಇಳಿಜಾರೆಲ್ಲ ನೇರಳೆಯಾಗುತ್ತದೆ. 2016ರಲ್ಲಿ ಆಯಿತು, 2024ರಲ್ಲಿ ಆಯಿತು. ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ಗಿಡಗಳು ಒಟ್ಟಿಗೇ ಸಾಯುತ್ತವೆ. ನೋಡಲು ಬಂದವರು ಫೋಟೊ ತೆಗೆದುಕೊಂಡು ಹೋದ ಮೇಲೆ ಇಡೀ ಇಳಿಜಾರಿನಲ್ಲಿ ಒಣಕಡ್ಡಿ ನಿಂತಿರುತ್ತದೆ, ಬೇಸಿಗೆಯಲ್ಲಿ ಒಂದು ಬೀಡಿ ಕಿಡಿ ಸಾಕು. ಆ ವರ್ಷ ಬೆಂಕಿ ರೇಖೆಯನ್ನು ಎಂದಿಗಿಂತ ಅಗಲವಾಗಿ, ಎಂದಿಗಿಂತ ಮೊದಲೇ ಕಡಿಯಬೇಕು, ಜೂನಿನಲ್ಲಿ ಮೊಳೆಯುವ ಎಳೆ ಸಸಿಗಳ ಮೇಲೆ ಕಾಲಿಡದಂತೆ ಕಳೆ ತೆಗೆಯಬೇಕು. ಮುಂದಿನ ಹೂವು 2032ಕ್ಕೆ. 2024ರ ಒಣಕಡ್ಡಿಯನ್ನು ಕೈಯಾರೆ ಸವರಿದ ಒಬ್ಬರ ಹೆಸರಾದರೂ 2032ರ ಹಾಜರಿ ಪುಸ್ತಕದಲ್ಲಿ ಇದೆಯೇ ಎಂದು ನಾನು ಹೋಗಿ ನೋಡುತ್ತೇನೆ.