ಕಾರ್ಡು ಮನೆಯದು, ಕಾಯಿಲೆ ಒಬ್ಬರದು

ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್‌ನಂಥ ದುಬಾರಿ ಚಿಕಿತ್ಸೆಯನ್ನು ಉಚಿತವಾಗಿ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಯಿತು. ದಕ್ಷಿಣದ ಜಿಲ್ಲೆಗಳು ಇನ್ನೂ ಕಾಯುತ್ತಿದ್ದ ಆ ಅವಧಿಯನ್ನೇ ನೀರಜ್ ಸೂದ್, ಅರ್ನಬ್ ಮುಖರ್ಜಿ ಮತ್ತು ಸಂಗಡಿಗರು ಅಧ್ಯಯನಕ್ಕೆ ಬಳಸಿಕೊಂಡರು. ಉತ್ತರ–ದಕ್ಷಿಣಗಳ ನಡುವಿನ ಗಡಿಯ ಈಚೆಗೆ ಯೋಜನೆ ಇದ್ದ 300 ಹಳ್ಳಿ, ಆಚೆಗೆ ಇಲ್ಲದ 272 ಹಳ್ಳಿ, ಒಟ್ಟು 60 ಸಾವಿರಕ್ಕೂ ಹೆಚ್ಚು ಮನೆಗಳು. ವರದಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ ಯೋಜನೆ ಇದ್ದ ಕಡೆಯ ಬಡವರಲ್ಲಿ ಶೇ 0.32, ಇಲ್ಲದ ಕಡೆ ಶೇ 0.90. ಈ ಅಧ್ಯಯನದ ನಿಜವಾದ ಗಟ್ಟಿತನ ಇನ್ನೊಂದು ಹೋಲಿಕೆಯಲ್ಲಿದೆ. ಯೋಜನೆಗೆ ಸೇರದ ಎಪಿಎಲ್ ಕುಟುಂಬಗಳನ್ನೂ ಅವರು ಲೆಕ್ಕ ಹಾಕಿದರು. ಅಲ್ಲಿ ಎರಡೂ ಕಡೆಯ ಪ್ರಮಾಣ ಹೆಚ್ಚುಕಡಿಮೆ ಒಂದೇ: 0.56 ಮತ್ತು 0.55. ಉತ್ತರದ ಹಳ್ಳಿಗಳೇ ಆರೋಗ್ಯವಂತವಾಗಿದ್ದವು ಎಂಬ ಸಂಶಯಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದು ಕಷ್ಟ.

ಆದರೂ ಒಂದು ತೊಡಕಿದೆ. ಸಾವು ಇಷ್ಟು ಕಡಿಮೆಯಾಗಬೇಕಾದರೆ ಆಸ್ಪತ್ರೆಗೆ ಹೋದವರ ಸಂಖ್ಯೆ ಸ್ಪಷ್ಟವಾಗಿ ಏರಿರಬೇಕಿತ್ತು. ಆ ಏರಿಕೆ ಸಂಖ್ಯಾಶಾಸ್ತ್ರದ ಒರೆಗೆ ಪೂರ್ತಿ ನಿಲ್ಲಲಿಲ್ಲ. ಜೀವ ಉಳಿದ ಬಗೆ ಹೇಗೆಂಬ ಪ್ರಶ್ನೆ ಹಾಗೇ ಉಳಿಯಿತು.

ಇದಕ್ಕಿಂತ ದೊಡ್ಡ ಕೊರತೆ, ಇಲ್ಲಿನ ಮುಖ್ಯ ಹೋಲಿಕೆ ಇಡೀ ಮನೆಯನ್ನು ಬಿಪಿಎಲ್, ಎಪಿಎಲ್ ಎಂದು ಗುರುತಿಸುವ ಪಡಿತರ ಚೀಟಿಯ ಮೇಲೆ ನಿಂತಿರುವುದು. ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಸಂಗಡಿಗರು ಕೊಪ್ಪಳದ ಹಳ್ಳಿಗಳಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಆ ಚೀಟಿಯ ಹಿಂದಿನ ಮನೆಯೊಳಕ್ಕೆ ಹೋಗಿ ನೋಡಿತ್ತು. ದೀರ್ಘಕಾಲದ ಕಾಯಿಲೆಗೆ ಚಿಕಿತ್ಸೆ ಪಡೆಯುವುದರಲ್ಲಿ ಬಡ ಗಂಡಸರೂ ಬಡವರಲ್ಲದ ಮನೆಯ ಹೆಂಗಸರೂ ಬಹುಮಟ್ಟಿಗೆ ಒಂದೇ ಸಾಲಿನಲ್ಲಿದ್ದರು. ಒಬ್ಬರಿಗೆ ಗಂಡಾಗಿರುವುದು ಕೈಹಿಡಿದಿತ್ತು, ಇನ್ನೊಬ್ಬರಿಗೆ ಹಣ. ಎರಡೂ ಇಲ್ಲದ ಬಡ ಹೆಂಗಸರು ಎಲ್ಲರಿಗಿಂತ ಹಿಂದೆ.

ಈ ಎರಡು ಅಧ್ಯಯನಗಳನ್ನು ಜೊತೆಗಿಟ್ಟು ಓದಬೇಕು. ಶಸ್ತ್ರಚಿಕಿತ್ಸೆ ಉಚಿತವಾದರೂ ದೂರದೂರಿನ ಆಸ್ಪತ್ರೆಗೆ ಹೋಗಲು ಜೊತೆಗೊಬ್ಬರು ಬೇಕು, ಅವರ ಕೂಲಿ ತಪ್ಪುತ್ತದೆ, ಮನೆಯಲ್ಲಿ ಅಡುಗೆ, ದನಕರು ನೋಡುವವರು ಬೇಕು. ಗಂಡನಿಗೆ ಎದೆನೋವೆಂದರೆ ಹೆಂಡತಿ ಎಲ್ಲ ಬಿಟ್ಟು ಹೊರಡುತ್ತಾಳೆ. ಹೆಂಡತಿಗೆ ಬಂದರೆ ‘ಸುಗ್ಗಿ ಮುಗೀಲಿ, ನೋಡೋಣ’ ಎಂಬ ಮಾತು ಬರುತ್ತದೆ. ಎಷ್ಟೋ ಸಲ ಅದನ್ನು ಅವಳೇ ಆಡುತ್ತಾಳೆ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ಎಂದು ಲೆಕ್ಕವಿಡುತ್ತದೆ. ಆ ಹಣ ಮನೆಯೊಳಗೆ ಯಾರಿಗೆ ತಲುಪಿತು, ಯಾರು ತಡವಾಗಿ ಬಂದರು, ಯಾರು ಬರಲೇ ಇಲ್ಲ ಎಂಬುದನ್ನು ಮುಂದಿನ ಪ್ರತಿ ಮೌಲ್ಯಮಾಪನವೂ ಹೆಣ್ಣು ಗಂಡು, ಜಾತಿ, ವಯಸ್ಸಿನ ಪ್ರಕಾರ ಬಿಡಿಸಿ ಹೇಳಬೇಕು. ಸರಾಸರಿ ಸಾವು ಇಳಿದದ್ದು ದೊಡ್ಡ ಗೆಲುವು. ಅದರಲ್ಲಿ ಅತ್ಯಂತ ಹಿಂದುಳಿದವಳಿಗೆ ಪಾಲು ಸಿಕ್ಕಿದೆ ಎಂದು ಗೊತ್ತಾಗುವವರೆಗೆ ಅದನ್ನು ಸಮಾನತೆ ಎಂದು ಕರೆಯಲಾಗದು.