ನೀಲಿ ಬಾಟಲಿ ಹೇಳದೇ ಬಿಟ್ಟ ಮಾತು

ಕೊಬ್ಬರಿ ಎಣ್ಣೆ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರೋದು ಪ್ಯಾರಾಶೂಟ್‌ನ ನೀಲಿ ಬಾಟಲಿ. ಭಾರತದಲ್ಲಿ ಮಾರುವ ಆ ಮಾಮೂಲಿ ಬಾಟಲಿಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ತಿನ್ನುವ ಪದಾರ್ಥಗಳ ಮೇಲೆ ಇರುವ ಹಸಿರು ಚುಕ್ಕೆ ಅದರ ಮೇಲೂ ಇದೆ. ಶುದ್ಧ ಕೊಬ್ಬರಿ ಎಣ್ಣೆ, ಖಾದ್ಯ ದರ್ಜೆ ಅಂತ ಇದೆ. ತಲೆಗೆ ಹಚ್ಚಿಕೊಳ್ಳಿ ಅಂತ ಮಾತ್ರ ಎಲ್ಲೂ ಇಲ್ಲ!

ಇದರ ಹಿಂದೆ ತೆರಿಗೆಯ ಲೆಕ್ಕವಿದೆ. ಅಡುಗೆ ಎಣ್ಣೆಗೆ ಜಿಎಸ್‌ಟಿ 5% ಇದ್ದಾಗ ತಲೆಗೆ ಹಚ್ಚುವ ಎಣ್ಣೆಗೆ 18% ಇತ್ತು. ಸಣ್ಣ ಬಾಟಲಿಯ ಕೊಬ್ಬರಿ ಎಣ್ಣೆ ಯಾವುದರ ಕೆಳಗೆ ಬರುತ್ತೆ ಅನ್ನೋ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಬರದೆ, ಕೊನೆಗೆ ಮೂವರ ಪೀಠ 2024ರ ಡಿಸೆಂಬರ್ 18ರಂದು ತೀರ್ಪು ಕೊಟ್ಟಿತು. ಬಾಟಲಿ ಚಿಕ್ಕದು ಅನ್ನೋ ಒಂದೇ ಕಾರಣಕ್ಕೆ ಅದು ಕೂದಲೆಣ್ಣೆ ಆಗಲ್ಲ, ಲೇಬಲ್ ಏನು ಹೇಳುತ್ತೆ ನೋಡಬೇಕು ಅನ್ನೋದು ಅದರ ಸಾರ. (2025ರ ಸೆಪ್ಟೆಂಬರ್‌ನಲ್ಲಿ ಕೂದಲೆಣ್ಣೆಯ ತೆರಿಗೆಯೂ 5%ಕ್ಕೆ ಇಳಿಯಿತು, ಆ ಮಾತು ಬೇರೆ.)

ಅಂದ್ರೆ ಬಾಟಲಿ ಸುಮ್ಮನಿದೆ. ಅದರ ಪರವಾಗಿ ಮಾತಾಡೋರು ನಾವು. ಅಮ್ಮ, ದೊಡ್ಡಮ್ಮ, ಈಗ ಇನ್‌ಸ್ಟಾಗ್ರಾಮ್ ರೀಲ್ಸ್ ಮಾಡೋರು ಕೂಡ. ನನ್ನ ತಕರಾರು ಎಣ್ಣೆಯ ಮೇಲಲ್ಲ, ಈ ಮಾತಿನ ಮೇಲೆ. ಮುಖ್ಯವಾಗಿ ಒಂದು ಪದದ ಮೇಲೆ: ಬುಡ.

"ಬುಡಕ್ಕೆ ಎಣ್ಣೆ ಹಾಕು, ಕೂದಲು ಉದ್ದ ಬೆಳೆಯುತ್ತೆ." ಎಷ್ಟು ಸಹಜವಾದ ಮಾತು ಅಲ್ವಾ? ಗಿಡದ ಬುಡಕ್ಕೆ ನೀರು ಗೊಬ್ಬರ ಹಾಕಿದ ಹಾಗೇ. ಆದರೆ ಹೊರಗೆ ಕಾಣುವ ಕೂದಲಿಗೆ ಜೀವವೇ ಇಲ್ಲ. ಚರ್ಮದ ಒಳಗಿರುವ ಅದರ ಬೇರಿಗೆ ಊಟ ಹೋಗೋದು ರಕ್ತದಿಂದ. ಮೇಲಿಂದ ಎಣ್ಣೆ ಸುರಿದರೂ ಸುರಿಯದಿದ್ದರೂ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ.

ಹಾಗಾದ್ರೆ ಎಲ್ಲಾ ಸುಳ್ಳಾ? ಅಲ್ಲ. 2003ರಲ್ಲಿ ರೆಲೆ ಮತ್ತು ಮೊಹಿಲೆ ಅನ್ನೋ ಇಬ್ಬರು ಸಂಶೋಧಕರು ಮಿನರಲ್ ಆಯಿಲ್, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಕೂದಲಿನ ಮೇಲೆ ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ಸೋರಿ ಹೋಗೋದನ್ನು ಗಣನೀಯವಾಗಿ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲಾರಿಕ್ ಆಮ್ಲ ಇದೆ. ಅದರ ಅಣು ಚಿಕ್ಕದು, ನೇರವಾದದ್ದು, ಹಾಗಾಗಿ ಕೂದಲಿನ ಎಳೆಯ ಒಳಗೆ ಇಳಿಯುತ್ತೆ. ಕೂದಲು ನೀರಲ್ಲಿ ಉಬ್ಬಿ, ಒಣಗಿದಾಗ ಕುಗ್ಗಿ, ಮತ್ತೆ ಉಬ್ಬಿ ಸವೆಯುತ್ತೆ. ಮೊದಲೇ ಒಳಗೆ ಎಣ್ಣೆ ಇದ್ದರೆ ಉಬ್ಬೋದು ಕಡಿಮೆ. ಈ ಇಬ್ಬರೂ ಮ್ಯಾರಿಕೊ ಕಂಪನಿಯವರು, ಅಂದ್ರೆ ಆ ನೀಲಿ ಬಾಟಲಿಯವರೇ. ಅದನ್ನು ನೆನಪಲ್ಲಿಟ್ಟುಕೊಂಡೇ ಓದಬೇಕು. ಆದರೂ ಅವರು ತೋರಿಸಿದ್ದು ಎಳೆಯ ರಕ್ಷಣೆಯನ್ನು, ಬುಡದ ಪೋಷಣೆಯನ್ನಲ್ಲ.

ಹಾಗೆ ನೋಡಿದರೆ ಅಜ್ಜಿಯರ ಮಾತಿಗಿಂತ ಅವರ ಕೆಲಸವೇ ಹೆಚ್ಚು ಸರಿ ಇತ್ತು. ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಸೀಗೆಕಾಯಿ ಪುಡಿ ಹಾಕಿ ತೊಳೆಯುತ್ತಿದ್ದರು. ತೊಳೆಯುವ ಮೊದಲು ಎಣ್ಣೆ. ಇದನ್ನೇ ಈಗ ಇಂಗ್ಲಿಷಿನಲ್ಲಿ ಪ್ರೀ-ಪೂ ಅಂತ ಹೊಸ ಹೆಸರಿಟ್ಟು ಮಾರುತ್ತಾರೆ. ಅಂದಹಾಗೆ, ಕೊಬ್ಬರಿ ಎಣ್ಣೆಯೇ "ನಮ್ಮ ಸಂಸ್ಕೃತಿ" ಅನ್ನೋರಿಗೆ ಒಂದು ಮಾತು: ಕರಾವಳಿಯಲ್ಲಿ ತೆಂಗಿನೆಣ್ಣೆ ಸರಿ, ಆದರೆ ಒಳನಾಡಿನ ಎಷ್ಟೋ ಮನೆಗಳಲ್ಲಿ ದೀಪಾವಳಿಯ ಎಣ್ಣೆಸ್ನಾನಕ್ಕೆ ಬಳಸುತ್ತಿದ್ದದ್ದು ಎಳ್ಳೆಣ್ಣೆ, ಹರಳೆಣ್ಣೆ. ಕೊಬ್ಬರಿಗೆ ಹೆಸರಾದ ತಿಪಟೂರಿನ ಉಂಡೆ ಕೊಬ್ಬರಿಯೂ ಹೆಚ್ಚಾಗಿ ತಿನ್ನೋದಕ್ಕೆ ಹೋಗುತ್ತೆ, ಗಾಣಕ್ಕಲ್ಲ.

ತಲೆಹೊಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಮಲಸೀಜಿಯಾ ಅನ್ನೋ ಯೀಸ್ಟ್ ಎಲ್ಲರ ನೆತ್ತಿಯ ಮೇಲೂ ಇರುತ್ತೆ, ಕೊಬ್ಬು ತಿಂದು ಬದುಕುತ್ತೆ. ಹೊಟ್ಟು ಜಾಸ್ತಿ ಇದ್ದು ನೆತ್ತಿ ಕೆಂಪಾಗಿ ಜಿಡ್ಡು ಜಿಡ್ಡಾಗಿದ್ದರೆ ಎಣ್ಣೆ ಮೆತ್ತಿ ರಾತ್ರಿಯೆಲ್ಲಾ ಬಿಡೋದು ಅದಕ್ಕೆ ಊಟ ಬಡಿಸಿದ ಹಾಗೆ ಆಗಬಹುದು. ಭಾರತದ ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆಯಿಂದ ನೆತ್ತಿಯ ಒಳ್ಳೆಯ ಸೂಕ್ಷ್ಮಜೀವಿಗಳು ಹೆಚ್ಚಿದ್ದೂ ಕಂಡಿದೆ, ಹಾಗಾಗಿ ವಾದ ಮುಗಿದಿಲ್ಲ. ಆದರೆ ಕೆಂಪಾದ, ತುರಿಸುವ ನೆತ್ತಿಗೆ ಕೀಟೊಕೊನಜೋಲ್ ಶಾಂಪೂ ಮೊದಲು, ಎಣ್ಣೆ ಆಮೇಲೆ.

ನನಗೆ ನಿಜವಾಗಿ ಸಿಟ್ಟು ಬರೋದು ಇಲ್ಲಿ: ಪರದೇಶದಲ್ಲಿ ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರುತ್ತೆ. ವಿಡಿಯೋ ಕಾಲ್‌ನಲ್ಲಿ ಊರಿನಿಂದ ಬರುವ ಉತ್ತರ, "ನೀನು ಎಣ್ಣೆ ಹಚ್ಚಲ್ಲ ಅಲ್ವಾ, ಅದಕ್ಕೇ. ಆ ದೇಶದ ನೀರೂ ಸರಿಯಿಲ್ಲ." ಪ್ರೀತಿಯಿಂದಲೇ ಹೇಳ್ತಾರೆ. ಆದರೆ ಅದರೊಳಗೆ ಒಂದು ಆರೋಪ ಇದೆ: ಊರು ಬಿಟ್ಟೆ, ಪದ್ಧತಿ ಬಿಟ್ಟೆ, ಅನುಭವಿಸು. ಹೆರಿಗೆಯ ನಂತರದ ಉದುರುವಿಕೆ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತೆ, ಹೊಗಳಿಕೆ ಎಣ್ಣೆಗೆ ಹೋಗುತ್ತೆ. ನಿಲ್ಲದೇ ಇದ್ದಾಗ ಕಾರಣ ಕಬ್ಬಿಣದ ಕೊರತೆಯೋ ಥೈರಾಯ್ಡೋ ಇರಬಹುದು. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗೋದನ್ನು ಆರು ತಿಂಗಳು ಎಣ್ಣೆ ತಿಕ್ಕುತ್ತಾ ಮುಂದೂಡೋದು ಯಾಕೆ?

ಎಣ್ಣೆ ಹಚ್ಚೋದು ಇಷ್ಟ ಇದ್ದರೆ ಖಂಡಿತ ಹಚ್ಚಿ. ಎರಡು ಚಮಚ ಸಾಕು, ಬುಡಕ್ಕಿಂತ ಹೆಚ್ಚಾಗಿ ಉದ್ದಕ್ಕೆ, ತುದಿಗೆ, ತೊಳೆಯೋಕೆ ಒಂದೆರಡು ಗಂಟೆ ಮೊದಲು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ಲಂಡನ್ನಿನಲ್ಲಿ ಅಂದ್ರೆ ವರ್ಷದ ಮುಕ್ಕಾಲು ಭಾಗ. ಬಾಟಲಿಯನ್ನು ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ, ಮೈಕ್ರೋವೇವ್‌ನಲ್ಲಿ ಇಡಬೇಡಿ. ರಾತ್ರಿ ಹಚ್ಚಿಕೊಂಡು ಮಲಗಲೇಬೇಕು ಅಂದ್ರೆ ದಿಂಬಿನ ಮೇಲೆ ಹಳೇ ಟವೆಲ್ ಒಂದು ಹಾಸಿಕೊಳ್ಳಿ.